ಇಬ್ಬರಿಗೂ ಅದೇ ಪ್ರಶ್ನೆ

ಹೋಲಿಸಿ ಮಾತಾಡುವುದನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಅತ್ತೆ ಬೆಳಗಿನ ಚಹಾ ಮುಗಿಯುವುದರೊಳಗೆ ಎದುರು ಮನೆಯ ಸೊಸೆಯನ್ನೂ ತಮ್ಮ ಸೊಸೆಯನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿಬಿಡುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಮಗ, ಮದುವೆಯಾದ ಹೊಸತರಲ್ಲಿ ತಾಯಿಯ ಅಡುಗೆಯನ್ನೂ ಹೆಂಡತಿಯ ಅಡುಗೆಯನ್ನೂ ಹೋಲಿಸಲು ಹೋಗಿ ಎರಡು ಕಡೆಯಿಂದಲೂ ಮಂಗಳಾರತಿ ಮಾಡಿಸಿಕೊಂಡು, ಬಾಯಿ ಮುಚ್ಚಿಕೊಂಡು ತಿನ್ನುವುದನ್ನು ಕಲಿತಿದ್ದ. ಕಾಲೇಜಿಗೆ ಹೋಗುವ ಮೊಮ್ಮಗಳಂತೂ ತನ್ನ ಮನೆಯೊಂದನ್ನು ಬಿಟ್ಟು ಉಳಿದವರ ಮನೆಗಳೆಲ್ಲ ಚೆನ್ನಾಗಿವೆ ಎಂದೇ ನಂಬಿದ್ದಳು. ಇಂಥ ಮನೆಯ ಸೊಸೆಗೆ, ನಲವತ್ತು ದಾಟಿದ ಮೇಲೆ, ಎರಡನ್ನು ಹೋಲಿಸಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಗ್ರಹಚಾರ ವಕ್ಕರಿಸಿತು.

ಸೊಸೆಯ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಒದ್ದೆ ಬೆಡ್‌ಶೀಟುಗಳನ್ನು ಯಂತ್ರದಿಂದ ಎಳೆದು ತಳ್ಳುಗಾಡಿಗೆ ತುಂಬಬೇಕು, ಇಸ್ತ್ರಿಯ ಉರುಳೆಗಳ ನಡುವೆ ಕೊಡಬೇಕು, ಆಚೆಯಿಂದ ಬಂದದ್ದನ್ನು ಮಡಚಿ ಪೇರಿಸಬೇಕು. ಒದ್ದೆ ಬಟ್ಟೆಯ ಭಾರ ಎಳೆದವರಿಗೇ ಗೊತ್ತು. ಇಷ್ಟು ವರ್ಷ ಎಳೆದೂ ಎಳೆದೂ ಅವಳ ಬಲಭುಜ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. "ಇನ್ನು ಭಾರ ಎಳೆದರೆ ತಲೆ ಬಾಚಿಕೊಳ್ಳೋಕೂ ಇನ್ನೊಬ್ಬರನ್ನ ಕರೀಬೇಕಾಗತ್ತೆ," ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಲಾಂಡ್ರಿಯಲ್ಲಿ ಭಾರ ಎಳೆಯದ ಕೆಲಸವೆಂದರೆ ಒಂದೇ, ಮೇಲಿನ ಮಹಡಿಯ ಬಟ್ಟೆ ಸ್ಟೋರಿನ ಮೇಲ್ವಿಚಾರಕಿಯದು. ಅಲ್ಲಿದ್ದವರು ನಿವೃತ್ತರಾಗುವವರಿದ್ದರು. ಆ ಜಾಗ ಸಿಕ್ಕರೆ ಕೆಲಸ ಉಳಿಯುತ್ತದೆ, ಸಿಗದಿದ್ದರೆ ಬಿಟ್ಟು ಮನೆಯಲ್ಲಿ ಕೂರಬೇಕು.

"ಸ್ಟೋರ್‌ನವರು ಎರಡು ಕಂಪನಿಯ ಬೆಡ್‌ಶೀಟ್ ನೋಡಿ, ಯಾವುದು ಬೇಕು, ಯಾಕೆ ಬೇಕು ಅಂತ ಇಂಗ್ಲಿಷಲ್ಲಿ ರಿಪೋರ್ಟ್ ಬರೀಬೇಕು. ಅದಕ್ಕೇ ಪರೀಕ್ಷೆ ಇಟ್ಟಿದೀವಿ," ಎಂದಿದ್ದ ಮ್ಯಾನೇಜರ್. "ಒಂದು ಕಂಪೇರ್ ಅಂಡ್ ಕಾಂಟ್ರಾಸ್ಟ್ ಎಸ್ಸೇ. ವಿಷಯ ಅವತ್ತೇ ಹೇಳ್ತೀವಿ."

ಆ ಹೆಸರನ್ನು ಬಸ್ಸಿನುದ್ದಕ್ಕೂ ಬಾಯಲ್ಲೇ ಉರು ಹೊಡೆಯುತ್ತ ಬಂದು ಅವಳು ಊಟದ ಮೇಜಿನ ಮುಂದೆ ಒಪ್ಪಿಸಿದಳು.

"ಅಷ್ಟೇ ತಾನೆ? ನಾನು ಹೇಳ್ಕೊಡ್ತೀನಿ ಬಿಡಮ್ಮ," ಎಂದಳು ಮಗಳು.

"ಬೆಡ್‌ಶೀಟಿಗೆ ಇಂಗ್ಲಿಷ್ ಬರತ್ತೇನೇ?" ಎಂದರು ಅತ್ತೆ. "ಒಗೆದು ಒಣಗಿಸೋ ಬಟ್ಟೆಗೆ ಪ್ರಬಂಧ ಅಂತೆ! ಕೇಳಿದವರು ಯಾವುದರಲ್ಲಿ ನಗಬೇಕು?"

"ಅಮ್ಮ, ನೀನು ಸುಮ್ಮನೆ ಆಲೂಗಡ್ಡೆ ಬಡಿಸು. ಮನೆಗೆ ಮೇಡಂ ಬಂದಿದಾರೆ," ಎಂದ ಮೆಕ್ಯಾನಿಕ್. ಅಂದಿನಿಂದ ಮಗಳಿಗೆ ಮನೆಯಲ್ಲಿ ಮೇಡಂ ಎಂಬ ಹೆಸರೇ ನಿಂತಿತು.

ಮೇಡಂ ಮಹಾ ಖಡಕ್ಕು. ಮೊದಲ ಪಾಠಕ್ಕೆ ಬಚ್ಚಲಿನ ಎರಡು ಬಕೆಟ್ಟುಗಳನ್ನು ತಂದು ಮೇಜಿನ ಮೇಲಿಟ್ಟಳು. ಅಮ್ಮ ನಾಲಿಗೆ ಕಚ್ಚಿಕೊಂಡು, ಬೆವರೊರೆಸಿಕೊಂಡು ಎರಡು ವಾಕ್ಯ ಬರೆದಳು. ಒಂದು ಬಕೆಟ್ ಕೆಂಪಗಿದೆ. ಇನ್ನೊಂದು ಬಕೆಟ್ ನೀಲಿ ಇದೆ.

"ಸರಿ, ಅದಕ್ಕೇನೀಗ?" ಎಂದಳು ಮಗಳು.

"ಅದಕ್ಕೇನು ಅಂದ್ರೆ? ಒಂದು ಕೆಂಪು, ಒಂದು ನೀಲಿ. ಕಣ್ಣಿಗೆ ಕಾಣಲ್ವಾ?"

"ಕಣ್ಣಿಗೆ ಕಾಣೋದನ್ನ ಓದೋರಿಗೆ ಯಾಕಮ್ಮ ಹೇಳ್ತೀಯ? ಮೊದಲು ಪಾಯಿಂಟ್ ಹಾಕ್ಕೋ. ಎಷ್ಟು ನೀರು ಹಿಡಿಯತ್ತೆ, ಹಿಡಿ ಗಟ್ಟಿ ಇದೆಯಾ, ಎಷ್ಟು ವರ್ಷದಿಂದ ಇದೆ. ಆಮೇಲೆ ಒಂದು ಬಕೆಟ್ ಬಗ್ಗೆ ಪೂರ್ತಿ ಬರೆದು ಮುಗಿಸಿ ಇನ್ನೊಂದಕ್ಕೆ ಹೋಗು. ಇಲ್ಲಾ ಅಂದ್ರೆ ಒಂದೊಂದೇ ಪಾಯಿಂಟ್ ತಗೊಂಡು ಎರಡನ್ನೂ ಜೊತೇಲಿ ಹೇಳ್ತಾ ಹೋಗು. ಒಂದೇ ಥರ ಇರೋ ಕಡೆ 'ಬೋತ್' ಹಾಕು, ಬೇರೆ ಇರೋ ಕಡೆ 'ಬಟ್' ಹಾಕು. ಕೊನೇಲಿ, ಇಷ್ಟೆಲ್ಲ ನೋಡಿ ನಿನಗೇನು ಗೊತ್ತಾಯ್ತು ಅಂತ ಹೇಳು."

"ಬಕೆಟ್ ನೋಡಿ ಏನು ಗೊತ್ತಾಗತ್ತೆ, ನೀರು ಹಿಡೀಬೇಕು ಅಂತ ಗೊತ್ತಾಗತ್ತೆ," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಸ್ನಾನಕ್ಕೆ ಹೋಗಬೇಕು, ಬಕೆಟ್ ಕೊಡ್ರೇ."

ವಾರಗಳು ಹೀಗೇ ಉರುಳಿದವು. ಸೊಸೆ ಲಾಂಡ್ರಿಯಿಂದ ಬಂದು, ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು, ಕಿಟಕಿಯ ಪಕ್ಕ ಪುಸ್ತಕ ಹಿಡಿದು ಕೂರುತ್ತಿದ್ದಳು. ಎರಡು ಪೊರಕೆ, ಎರಡು ಬಸ್ಸು, ಬೆಳಗಿನ ಪಾಳಿ, ಸಂಜೆಯ ಪಾಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೋಲಿಸಿದಳು. ಮೆಕ್ಯಾನಿಕ್ ತರಕಾರಿ ಹೆಚ್ಚುವುದಕ್ಕೆ ಶುರುಮಾಡಿದ. ಅವನು ಹೆಚ್ಚಿದ ಕ್ಯಾರೆಟ್ಟು ಒಂದು ಬೆಂದರೆ ಇನ್ನೊಂದು ಬೇಯುತ್ತಿರಲಿಲ್ಲ. ಅತ್ತೆ ಒಲೆಯ ಮುಂದೆ ನಿಂತು ಲೋಕಕ್ಕೆಲ್ಲ ಕೇಳುವ ಹಾಗೆ ಗೊಣಗುತ್ತಿದ್ದರು.

"ನನ್ನ ಹಣೇಬರಹ. ಈ ವಯಸ್ಸಲ್ಲಿ ಸೊಸೆ ಓದೋಕೆ ಕೂತ್ಲು, ಮಗ ಅಡುಗೆಮನೆಗೆ ಬಂದ. ಏಯ್, ಅದು ಕ್ಯಾರೆಟ್ ಕಣೋ, ಕಬ್ಬಿಣದ ಸರಳಲ್ಲ!"

ಸೊಸೆಗೆ ಆ ಗೊಣಗಾಟ ಅಭ್ಯಾಸವಾಗಿಹೋಗಿತ್ತು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟು ಬರೆಯುತ್ತಿದ್ದಳು.

ಒಂದು ದಿನ ಮಗಳು, "ವಸ್ತು ಸಾಕು, ಇನ್ನು ಮನುಷ್ಯರನ್ನ ಹೋಲಿಸು. ಚೆನ್ನಾಗಿ ಗೊತ್ತಿರೋ ಇಬ್ಬರನ್ನ," ಎಂದು ಹೇಳಿ ಕಾಲೇಜಿಗೆ ಹೋದಳು. ಸೊಸೆ ಬಹಳ ಯೋಚಿಸಲಿಲ್ಲ. ತೀರಿಕೊಂಡ ತನ್ನ ತಾಯಿಯನ್ನೂ ಮನೆಯಲ್ಲಿರುವ ಅತ್ತೆಯನ್ನೂ ಆರಿಸಿಕೊಂಡಳು. ಇಬ್ಬರೂ ಅಮ್ಮಂದಿರೇ, ಇಬ್ಬರನ್ನೂ ಬಲ್ಲೆ, ಇನ್ನೇನು ಬೇಕು? ತಾಯಿಯ ಬಗ್ಗೆ ಬರೆಯಲು ಕೂತರೆ ಪೆನ್ನು ತಾನಾಗಿ ಓಡಿತು. ಅಷ್ಟು ಇಂಗ್ಲಿಷ್ ತನ್ನೊಳಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಅತ್ತೆಯ ಬಗ್ಗೆಯೂ ಬರೆದು, ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಕೆಲಸಕ್ಕೆ ಹೋದಳು. ಅದೇ ತಪ್ಪಾಯಿತು ನೋಡಿ.

ರಜೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಅತ್ತೆ ಆ ಹಾಳೆಯನ್ನು ಕೈಗೆತ್ತಿಕೊಂಡರು. ಅವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ.

"ಇವತ್ತು ಯಾವ ಬಕೆಟ್ಟೇ ಇದು?"

"ಬಕೆಟ್ಟಲ್ಲ ಅಜ್ಜಿ. ಮೇಲಿಂದು ಅಮ್ಮನ ಅಮ್ಮ, ಕೆಳಗಿಂದು ನೀನು," ಎಂದಳು ಮೇಡಂ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

ಅತ್ತೆ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಮೇಲಿನ ಬರಹಕ್ಕೆ ಕೈಯಿಟ್ಟು ಹೆಬ್ಬೆರಳಿಂದ ಕಿರುಬೆರಳಿನ ತನಕ ಅಳೆದರು. ಒಂದು ಗೇಣಿಗೆ ಮೋಸವಿಲ್ಲ. ಕೆಳಗಿನದಕ್ಕೆ ಬೆರಳುಗಳನ್ನು ಅಡ್ಡ ಇಟ್ಟರು.

"ನಂದು ನಾಲ್ಕು ಬೆರಳು," ಎಂದರು.

ಮೆಕ್ಯಾನಿಕ್‌ಗೆ ಮೊದಲು ಅಪಾಯದ ವಾಸನೆ ಬಂತು. "ಅಮ್ಮ, ಅದು ಸುಮ್ಮನೆ ಅಭ್ಯಾಸಕ್ಕೆ ಬರೆದಿದ್ದು."

"ಅಭ್ಯಾಸಕ್ಕೇ ನಾಲ್ಕು ಬೆರಳು ಅಂದ್ರೆ ನಿಜಕ್ಕೆ ಎಷ್ಟೋ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಇವಳಿಗೆ ಬೇಯಿಸಿ ಹಾಕಿದೀನಿ. ಇಪ್ಪತ್ತು ವರ್ಷಕ್ಕೆ ನಾಲ್ಕು ಬೆರಳಾ? ಓದೇ ಮೇಡಂ. ಏನು ಬರೆದಿದಾಳೆ, ಕನ್ನಡದಲ್ಲಿ ಹೇಳು."

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ತಟ್ಟೆ ನೋಡಿದಳು. ಇನ್ನು ಓದದೆ ಗತಿಯಿರಲಿಲ್ಲ. ಮೇಲಿನ ಭಾಗದಲ್ಲಿ ತಾಯಿ ತಲೆ ಬಾಚುತ್ತಿದ್ದದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು, ಅವಳ ಮೈಯ ಬಿಸ್ಕತ್ತಿನ ವಾಸನೆ ಎಲ್ಲ ಇತ್ತು. ಆಕೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ದುಡಿದವಳು. ಕೆಳಗಿನ ಭಾಗದಲ್ಲಿ ಹೀಗಿತ್ತು: ನನ್ನ ಅತ್ತೆ ಬೇಗ ಏಳುತ್ತಾರೆ. ಅಡುಗೆ ಮಾಡುತ್ತಾರೆ. ಪಾತ್ರೆ ತೊಳೆಯುತ್ತಾರೆ. ಸುಮ್ಮನೆ ಲೈಟ್ ಉರಿಸಿದರೆ ಅವರಿಗೆ ಆಗುವುದಿಲ್ಲ. ಜೋರಾಗಿ ಮಾತಾಡುತ್ತಾರೆ.

ಅತ್ತೆ ಜೋರಾಗಿ ಮಾತಾಡಲಿಲ್ಲ. ಎದ್ದು ಎಲ್ಲರಿಗೂ ಮತ್ತೊಮ್ಮೆ ಬಡಿಸಿದರು, ಸೊಸೆಗೂ ಬಡಿಸಿದರು. ತಮ್ಮ ತಟ್ಟೆಯಲ್ಲಿ ಉಳಿದದ್ದನ್ನು ಮುಚ್ಚಿಟ್ಟು ಒಳಗೆ ಹೋದರು.

ಅಲ್ಲಿಂದ ಮುಂದೆ ಮನೆಯಲ್ಲಿ ಗೊಣಗಾಟವೇ ನಿಂತುಹೋಯಿತು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಉಪ್ಪು ಖಾರ ಹದವಾಗಿರುತ್ತಿತ್ತು, ಮಾತು ಮಾತ್ರ ಮಗನ ಮೂಲಕವೇ ಹೋಗಿ ಬರುತ್ತಿತ್ತು. "ನಿನ್ನ ಹೆಂಡತಿಗೆ ಹೇಳು, ಚಹಾ ಆರಿಹೋಗ್ತಿದೆ," ಎನ್ನುವರು, ಆ ಹೆಂಡತಿ ಪಕ್ಕದಲ್ಲೇ ನಿಂತಿದ್ದರೂ. ಮೆಕ್ಯಾನಿಕ್ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡ ಲಿಫ್ಟಿನ ಹಾಗೆ ಆ ಕಡೆಗೂ ಈ ಕಡೆಗೂ ಇಲ್ಲದೆ ಒದ್ದಾಡಿದ. ಸೊಸೆಗಂತೂ ಆ ಮೌನದ ಮುಂದೆ ಹಳೆಯ ಬೈಗುಳವೇ ಎಷ್ಟೋ ವಾಸಿ ಅನಿಸಿತು. ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹತ್ತಲಿಲ್ಲ. ಪರೀಕ್ಷೆ ಹತ್ತಿರ ಬರುತ್ತಿತ್ತು.

"ಹರಿದು ಹಾಕ್ತೀನಿ ಕಣೇ ಇದನ್ನ," ಎಂದಳು ಮಗಳಿಗೆ. "ಬೆಡ್‌ಶೀಟ್ ಬಗ್ಗೆನೇ ಬರೀತೀನಿ. ಅವು ಅಳೆದು ನೋಡಿ ಮುನಿಸಿಕೊಳ್ಳಲ್ಲ."

"ಹರಿಬೇಡ. ಅಜ್ಜಿ ಉದ್ದ ನೋಡಿ ಬೇಜಾರು ಮಾಡ್ಕೊಂಡ್ರು, ಉದ್ದದಲ್ಲಿ ತಪ್ಪಿಲ್ಲ. ತಪ್ಪು ಬೇರೆ ಕಡೆ ಇದೆ."

"ಎಲ್ಲಿ?"

"ನಿಮ್ಮಮ್ಮನ ಹತ್ತಿರ ಪ್ರೀತಿ ಎಷ್ಟಿತ್ತು ಅಂತ ಬರೆದಿದೀಯ. ಅಜ್ಜಿ ಏನೇನು ಕೆಲಸ ಮಾಡ್ತಾರೆ ಅಂತ ಬರೆದಿದೀಯ. ಒಂದು ಬಕೆಟ್ಟಿನ ಬಣ್ಣ ಹೇಳಿ ಇನ್ನೊಂದರ ಹಿಡಿ ಹೇಳಿದ ಹಾಗಾಯ್ತು. ಅದು ಹೋಲಿಕೆನೇ ಅಲ್ಲ ಅಮ್ಮ. ಒಬ್ಬರಿಗೆ ಕೇಳಿದ ಪ್ರಶ್ನೆನೇ ಇನ್ನೊಬ್ಬರಿಗೂ ಕೇಳ್ಬೇಕು."

ಹೀಗೆಂದು ಮಗಳು ಹೊಸ ಹಾಳೆಯ ಮೇಲೆ ಪ್ರಶ್ನೆ ಬರೆದುಕೊಟ್ಟಳು. ನನಗೆ ಕಷ್ಟ ಬಂದಾಗ ಏನು ಮಾಡಿದರು? ನನ್ನಿಂದ ಏನು ಕಿತ್ತುಕೊಂಡರು?

ಸೊಸೆ ಹಾಳೆಯನ್ನು ಮಡಚಿ ಲಾಂಡ್ರಿಗೆ ಒಯ್ದಳು. ಉರುಳೆಗಳ ಮುಂದೆ ನಿಂತು ಬೆಡ್‌ಶೀಟಿನ ತುದಿ ಹಿಡಿಯುತ್ತ ಯೋಚಿಸಿದಳು. ಅತ್ತೆ ಏನು ಕಿತ್ತುಕೊಂಡರು ಎಂದರೆ ಸುಲಭವಾಗಿ ನೆನಪಾಯಿತು: ಪಾತ್ರೆ! ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಅತ್ತೆ ಅವಳ ಕೈಯಿಂದ ಪಾತ್ರೆ ಕಸಿದು, "ನೀನು ತೊಳೆದದ್ದು ನನ್ನ ಕಣ್ಣಿಗೆ ಹಿಡಿಸಲ್ಲ, ಆಚೆ ಹೋಗು," ಎಂದಿದ್ದರು. ಆವತ್ತು ಅವಳು ಅವಮಾನದಿಂದ ಅತ್ತಿದ್ದಳು. ಆಮೇಲೆ ಇವತ್ತಿನವರೆಗೆ ಒಂದು ಲೋಟವನ್ನೂ ತೊಳೆದಿರಲಿಲ್ಲ.

ಸಂಜೆ ಗಂಡ ಬಾಗಿಲ ಬಳಿ ಕೂತು ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದಾಗ ಕೇಳಿದಳು.

"ರೀ, ಅತ್ತೆ ಅವತ್ತು ನನ್ನ ಕೈಯಿಂದ ಪಾತ್ರೆ ಯಾಕೆ ಕಿತ್ಕೊಂಡ್ರು?"

"ಇನ್ನೇನು ಮಾಡ್ತಾರೆ? ಬಟ್ಟೆ ಬಿಳಿ ಮಾಡೋ ಔಷಧಿಗೆ ನಿನ್ನ ಬೆರಳೆಲ್ಲ ಸುಲಿದುಹೋಗಿತ್ತಲ್ಲ. ಸೋಪಿನ ನೀರು ಮುಟ್ಟಿದರೆ ಉರಿ ಅಂತ ನೀನು ಊದ್ಕೊಳ್ತಾ ನಿಂತಿದ್ದೆ."

"ಅದಕ್ಕಾ?"

"ಮತ್ತೆ? ನಿನಗೆ ಗೊತ್ತಿರಲಿಲ್ವಾ?" ಅವನು ಕೈ ಒರೆಸುವುದನ್ನೇ ಬಿಟ್ಟು ಅವಳನ್ನು ನೋಡಿದ. "ಗೊತ್ತಿದೆ ಅಂದುಕೊಂಡಿದ್ದೆ ಕಣೇ."

ಅವಳು ನೇರ ಅಡುಗೆಮನೆಗೆ ಹೋದಳು. ಅತ್ತೆ ಬೋಗುಣಿಯ ತಳ ಉಜ್ಜುತ್ತಿದ್ದರು.

"ಅತ್ತೆ, ನನ್ನ ಬೆರಳು ನೋಡಿ ತಾನೆ ನೀವು ಪಾತ್ರೆ ತಗೊಂಡಿದ್ದು?"

"ಯಾವ ಬೆರಳು? ನೀನು ತೊಳೆದ್ರೆ ಜಿಡ್ಡು ಹೋಗ್ತಿರಲಿಲ್ಲ."

"ಸುಳ್ಳು."

"ನಾನ್ಯಾಕೆ ಸುಳ್ಳು ಹೇಳಲಿ? ಈಗಲೂ ಹೋಗಲ್ಲ, ಬೇಕಾದ್ರೆ ತೊಳೆದು ತೋರಿಸು," ಎಂದರು. ಎಂದವರು ಬೋಗುಣಿಯನ್ನು ಕೊಡಲಿಲ್ಲ. ಆದರೆ ಮಗನ ಮೂಲಕವಲ್ಲದೆ ನೇರವಾಗಿ ಮಾತಾಡಿಬಿಟ್ಟಿದ್ದರು. ಅದು ಅವರಿಗೂ ಆಮೇಲೆ ಹೊಳೆಯಿತೆಂದು ಕಾಣುತ್ತದೆ, ಮುಖ ತಿರುಗಿಸಿಕೊಂಡರು. ಮರುದಿನದಿಂದ ಗೊಣಗಾಟ ಮತ್ತೆ ಶುರುವಾಯಿತು. ಮೆಕ್ಯಾನಿಕ್ ನಿಟ್ಟುಸಿರು ಬಿಟ್ಟು ನೆಮ್ಮದಿಯಾಗಿ ಕ್ಯಾರೆಟ್ ಹೆಚ್ಚಿದ.

ಇನ್ನು ಅದೇ ಪ್ರಶ್ನೆಯನ್ನು ತಾಯಿಗೂ ಕೇಳಬೇಕಿತ್ತು. ಇಲ್ಲಿ ಸೊಸೆ ಸಿಕ್ಕಿಬಿದ್ದಳು. ಅಮ್ಮ ಏನು ಕಿತ್ತುಕೊಂಡಳು? ಉತ್ತರ ಅವಳಿಗೆ ಗೊತ್ತಿತ್ತು, ಮೊದಲ ಸಲ ಬರೆಯುವಾಗ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಅಮ್ಮ ಅವಳ ಶಾಲೆ ಬಿಡಿಸಿದ್ದಳು. ತಮ್ಮಂದಿರನ್ನು ನೋಡಿಕೊಳ್ಳಲು ಜನ ಬೇಕಿತ್ತು, ಅಮ್ಮ ಕಾರ್ಖಾನೆಗೆ ಹೋಗಬೇಕಿತ್ತು. ಟೀಚರು ಮನೆಗೇ ಬಂದು ಕೇಳಿಕೊಂಡಿದ್ದರು. ಅಮ್ಮ ತಲೆಯೆತ್ತದೆ, "ಆಗಲ್ಲ," ಎಂದಿದ್ದಳು.

"ಬರೀಲೇಬೇಕಾ?" ಎಂದಳು ಮಗಳಿಗೆ.

"ನಿನ್ನಿಷ್ಟ. ಆದರೆ ಅಜ್ಜಿಗೊಂದು ನ್ಯಾಯ, ನಿಮ್ಮಮ್ಮನಿಗೊಂದು ನ್ಯಾಯ ಆಗತ್ತೆ."

ಬರೆದಳು. ಬರೆದು, ಸತ್ತವಳ ಮೇಲೆ ದೂರು ಕೊಟ್ಟ ಹಾಗಾಯಿತಲ್ಲ ಎಂದು ಎರಡು ದಿನ ಊಟ ಸೇರದೆ ಓಡಾಡಿದಳು.

ಪರೀಕ್ಷೆ ನಡೆದದ್ದು ಆಸ್ಪತ್ರೆಯ ಮೀಟಿಂಗ್ ಕೋಣೆಯಲ್ಲಿ. ಅವಳ ಜೊತೆ ಇನ್ನೂ ಕೆಲವರಿದ್ದರು, ಎಲ್ಲರೂ ಅವಳಿಗಿಂತ ಚಿಕ್ಕವರು. ಚೆನ್ನಾಗಿ ಗೊತ್ತಿರುವ ಎರಡು ವಸ್ತುಗಳನ್ನು ಅಥವಾ ಇಬ್ಬರು ವ್ಯಕ್ತಿಗಳನ್ನು ಹೋಲಿಸಿ ಬರೆಯಿರಿ ಎಂದು ಹಲಗೆಯ ಮೇಲೆ ಬರೆದರು. ಸುತ್ತ ಎಲ್ಲರೂ ಬೆಡ್‌ಶೀಟಿಗೆ ಇಳಿದರು. ಅವಳೂ ಮೊದಲು ಬೆಡ್‌ಶೀಟ್ ಎಂದೇ ಬರೆದಳು. ಬರೆದು, ಹೊಡೆದು ಹಾಕಿದಳು. ಬೆಡ್‌ಶೀಟಿನ ವಿಷಯದಲ್ಲಿ ಅವಳಿಗೆ ಹೊಸದಾಗಿ ಗೊತ್ತಾದದ್ದು ಏನೂ ಇರಲಿಲ್ಲ. ಗೊತ್ತಾದದ್ದು ಇವರಿಬ್ಬರ ವಿಷಯದಲ್ಲಿ. ಹಾಗಾಗಿ ಅದನ್ನೇ ಬರೆದಳು, ಪ್ರಶ್ನೆ ಪ್ರಶ್ನೆಗೂ ಇಬ್ಬರನ್ನೂ ಕರೆದು ನಿಲ್ಲಿಸಿ. ಭುಜ ನೋಯುತ್ತಿತ್ತು. ನೋಯಲಿ ಎಂದು ಬಿಟ್ಟಳು.

ಫಲಿತಾಂಶ ಬಂದ ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಏನಾಯ್ತೇ?"

"ಸ್ಟೋರ್ ನಂದೇ ಅತ್ತೆ. ಮುಂದಿನ ತಿಂಗಳಿಂದ."

"ಅಯ್ಯೋ ನನ್ನವ್ವ!" ಎಂದು ಅತ್ತೆ ಅವಳ ನೋಯುವ ಭುಜವನ್ನೇ ಹಿಡಿದು ಅಲುಗಾಡಿಸಿಬಿಟ್ಟರು. ಮೇಡಂ ಕುಣಿದಳು. ಮೆಕ್ಯಾನಿಕ್, "ನೆಲಮಾಳಿಗೆಯಿಂದ ಮೇಲಿನ ಮಹಡಿಗೆ! ಲಿಫ್ಟ್ ರಿಪೇರಿ ಮಾಡೋನು ನಾನು, ಹತ್ತೋಳು ಇವಳು," ಎಂದ. ಮೊಟ್ಟೆ ಹುರಿದರು, ಸಿಹಿ ತಂದರು, ಎಲ್ಲರೂ ಕೂತು ತಿಂದರು.

"ಇನ್ನಾದ್ರೂ ಹೇಳು," ಎಂದರು ಅತ್ತೆ. "ರಿಸಲ್ಟ್ ಬರಲಿ ಅಂತ ನಾನು ಕೇಳಲಿಲ್ಲ. ಪರೀಕ್ಷೇಲೂ ನಮ್ಮಿಬ್ಬರ ಬಗ್ಗೆನೇ ಬರೆದೆ ಅಂದ್ಲು ಮೇಡಂ. ಏನು ಬರೆದು ಕೊಟ್ಟೆ?"

ಸೊಸೆ ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದಳು. ಪಾತ್ರೆಯ ವಿಷಯ ಬಂದಾಗ ಅತ್ತೆ, "ಜಿಡ್ಡು ಹೋಗ್ತಿರಲಿಲ್ಲ ಅಂತ ಬರೀಬೇಕಿತ್ತು," ಎಂದು ನಕ್ಕರು. ಶಾಲೆಯ ವಿಷಯ ಬಂದಾಗ ನಗು ನಿಂತಿತು.

"ಶಾಲೆ ಬಿಡಿಸಿದ್ಲು ಅಂತ ಬರೆದ್ಯಾ? ಅಷ್ಟೇನಾ?"

"ಅಷ್ಟೇ. ಇದ್ದದ್ದನ್ನ ಬರೆದೆ."

"ಇದ್ದದ್ದು ಅಷ್ಟೇ ಅಲ್ಲ ಕಣೇ." ಅತ್ತೆ ತಟ್ಟೆಯನ್ನು ದೂರ ಸರಿಸಿದರು. "ನಿಮ್ಮನೆಯವರು ಮದುವೆ ಮಾತಾಡೋಕೆ ಇಲ್ಲಿಗೆ ಬಂದ ದಿನ ಎಲ್ಲರೂ ಹೊರಗೆ ಕೂತಿದ್ರು. ನಿಮ್ಮಮ್ಮ ಒಬ್ಬಳೇ ಒಳಗೆ ಬಂದ್ಲು, ನಾನು ಚಹಾ ಸೋಸ್ತಾ ಇದ್ದೆ. ನನ್ನ ಕೈ ಹಿಡ್ಕೊಂಡ್ಲು. 'ಇವಳನ್ನ ಶಾಲೆ ಬಿಡಿಸಿದ್ದು ನಾನು. ನಿಮ್ಮನೇಲಿ ಯಾವತ್ತಾದ್ರೂ ಅವಳು ಪುಸ್ತಕ ಹಿಡಿದು ಕೂತ್ರೆ, ಕೆಲಸ ಇದೆ ಅಂತ ಎಬ್ಬಿಸಬೇಡಿ. ಇನ್ನೇನೂ ಕೇಳಲ್ಲ,' ಅಂದ್ಲು. ನಾನು ಹೂಂ ಅಂದೆ. ಇವಳೆಲ್ಲಿ ಪುಸ್ತಕ ಹಿಡೀತಾಳೆ ಅಂದುಕೊಂಡು ಹೂಂ ಅಂದೆ. ಇಷ್ಟು ವರ್ಷ ಆದಮೇಲೆ ಹಿಡಿದ್ಯಲ್ಲೇ, ತಾಯಿ!"

ಸೊಸೆ ಹಿಂದಿನದನ್ನೆಲ್ಲ ನೆನೆದು ನೋಡಿದಳು. ಈ ವಾರಗಳಲ್ಲಿ ಅತ್ತೆ ಮಗನನ್ನು ಬೈದಿದ್ದರು, ಮೊಮ್ಮಗಳನ್ನು ಬೈದಿದ್ದರು, ಹಣೆಬರಹವನ್ನು ಬೈದಿದ್ದರು. ಅವಳಿಗೆ ಮಾತ್ರ ಒಮ್ಮೆಯೂ 'ಎದ್ದೇಳು' ಎಂದಿರಲಿಲ್ಲ.

"ಮತ್ತೆ ಅಷ್ಟೊಂದು ಗೊಣಗ್ತಿದ್ದೆ ಅಜ್ಜಿ?" ಎಂದಳು ಮೇಡಂ.

"ಎಬ್ಬಿಸಬೇಡಿ ಅಂದಿದ್ಲು. ಗೊಣಗಬೇಡಿ ಅಂದಿರಲಿಲ್ಲ."

"ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?" ಸೊಸೆಯ ಕಣ್ಣಿಂದ ನೀರು ಇಳಿಯುತ್ತಿತ್ತು. "ಆ ಹಾಳೆ ಆಸ್ಪತ್ರೆಯವರ ಹತ್ತಿರ ಹೋಗಿಬಿಡ್ತು. ಅಮ್ಮ ಹಾಗೇ ಅರ್ಧಕ್ಕೇ ನಿಂತುಬಿಟ್ಲು ಅದರಲ್ಲಿ."

"'ಅವಳಿಗೆ ಹೇಳಬೇಡಿ' ಅಂತಲೂ ನಿಮ್ಮಮ್ಮ ಅಂದಿದ್ಲು. ಹೇಳ್ತಾನೂ ಇರಲಿಲ್ಲ. ಆದರೆ ಕಂಡೋರಿಗೆಲ್ಲ ಅರ್ಧ ಹೇಳಿ ಬಂದಿದೀಯ ಅಂದಮೇಲೆ ನಾನು ಹೇಗೆ ಸುಮ್ಮನಿರಲಿ?"

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮಗಳ ಕಡೆ ಕೈಚಾಚಿ ಹಾಳೆ, ಪೆನ್ನು ಕೇಳಿದಳು.

"ಪರೀಕ್ಷೆ ಮುಗೀತಲ್ಲಮ್ಮ. ಇನ್ನು ಯಾರು ನೋಡ್ತಾರೆ?"

"ಯಾರೂ ನೋಡೋದು ಬೇಡ. ಕೊಡು."

ಮಗಳು ತಂದುಕೊಟ್ಟಳು. ಮೇಜಿನ ಮೇಲೆಲ್ಲ ಎಂಜಲು ತಟ್ಟೆಗಳು ಹರಡಿದ್ದವು. ಅವುಗಳನ್ನು ಎತ್ತಿಟ್ಟು ಬರೆಯೋಣವೆಂದು ಸೊಸೆ ಕುರ್ಚಿ ಹಿಂದೆ ಸರಿಸಿ ಏಳಹೋದಳು. ಅತ್ತೆ ಅವಳಿಗಿಂತ ಮೊದಲೇ ಎದ್ದು ಅವಳ ಎಡಭುಜದ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದರು.

"ಕೂತ್ಕೋ," ಎಂದರು. "ನಾನು ಅವಳಿಗೆ ಮಾತು ಕೊಟ್ಟಿದೀನಿ."